ಕೊಡಗಿನ ಕಾಡುಕಿಚ್ಚು

ಕೊಡಗಿನ ಮಳೆಯನ್ನು ವರ್ಣಿಸದವರಿಲ್ಲ. ಅಲ್ಲಿನ ಬೆಂಕಿಯ ಕಥೆಯನ್ನು ಹೇಳಿದವರು ವಿರಳ. ಪುತ್ತರಿಯ ಸಡಗರ ಮುಗಿದು ಮಾಘ ಫಾಲ್ಗುಣಗಳು ಬಂದುವೆಂದರೆ, ಮೈಸೂರಿನ ಎಲ್ಲೆಯತ್ತ ಇಳಿಯುವ ತಿತಿಮತಿ, ನಾಗರಹೊಳೆಗಳ ಕಾಡು ಎಲೆಯುದುರಿ ಒಣಗಿ ನಿಲ್ಲುತ್ತದೆ. ಬಿದಿರಿನ ಮೆಳೆ, ಮೊಣಕಾಲೆತ್ತರದ ಹುಲ್ಲು, ತೇಗ ಮತ್ತಿಗಳ ತರಗು: ಒಂದು ಕಿಡಿ ಸಾಕು. ಆ ಕಾಡಿನ ಅಂಚಿಗೆ ಅಂಟಿಕೊಂಡೇ ಒಂದೆಡೆ ಕಾಫಿಯ ತೋಟ, ಇನ್ನೊಂದೆಡೆ ಜೇನುಕುರುಬರ ಹಾಡಿ.

ಹಿಂದೆ ಈ ಬೆಂಕಿ ಬೇಸಾಯದ ಆಯುಧವಾಗಿದ್ದಿತು. ಬೇಸಗೆಯಲ್ಲಿ ಒಂದು ತುಂಡು ಕಾಡನ್ನು ಕಡಿದು ಒಣಗಿಸಿ, ಮಳೆಗೆ ಮುನ್ನ ಸುಟ್ಟು, ಬೂದಿಯಲ್ಲಿ ರಾಗಿಯನ್ನೋ ಬತ್ತವನ್ನೋ ಬಿತ್ತುವುದು. ಒಂದೆರಡು ಬೆಳೆಯಾದ ಮೇಲೆ ನೆಲವನ್ನು ಕಾಡಿಗೇ ಒಪ್ಪಿಸಿ ಮುಂದೆ ಸಾಗುವುದು. ಇದೇ ಕುಮರಿ. 1834ರಲ್ಲಿ ಕೊಡಗು ಕಂಪೆನಿ ಸರ್ಕಾರದ ವಶವಾಯಿತು. 1854ರಲ್ಲಿ ಫೌಲರ್ ಎಂಬ ಆಂಗ್ಲನು ಮಡಿಕೇರಿಯಲ್ಲಿ ಕಾಫಿ ತೋಟವನ್ನು ತೆರೆದನು. ಬೇರೆ ದೊರೆಗಳು ಹಿಂಬಾಲಿಸಿದರು. ತೋಟ ತೆರೆಯುವುದೆಂದರೇನು? ಕಾಡನ್ನು ಕಡಿದು ಸುಡುವುದೇ. ಕುರುಬನು ಸುಟ್ಟರೆ ನಾಶ, ದೊರೆ ಸುಟ್ಟರೆ ಅಭಿವೃದ್ಧಿ! 1860ರ ದಶಕದಲ್ಲಿ ಬೋಳು ಬಿಸಿಲಿನ ತೋಟಗಳಿಗೆ ಕಾಂಡಕೊರಕ ಹುಳು ಬಿದ್ದ ಮೇಲೆಯೇ ಅವರಿಗೆ ನೆರಳುಮರದ ಬೆಲೆ ತಿಳಿದದ್ದು.

ಬಳಿಕ ಬಂದ ಅರಣ್ಯ ಇಲಾಖೆಯು ಕುಮರಿಯನ್ನು ಅಡಗಿಸಿತು. ಕಾಯ್ದಿಟ್ಟ ಕಾಡುಗಳಲ್ಲಿ ಬೆಂಕಿರೇಖೆಗಳನ್ನು ಸವರಿಸಿತು. ಆದರೆ ಸುಡದೆ ಉಳಿದ ನೆಲವು ಬರಿದಾಗಿ ಉಳಿಯಲಿಲ್ಲ. ಅಮೆರಿಕದಿಂದ ಅಂದದ ಗಿಡವಾಗಿ ಬಂದ ಲಂಟಾನ ಪೊದೆ ಪೊದೆಯಾಗಿ ಹಬ್ಬಿತು. 1916ರಷ್ಟು ಹಿಂದೆಯೇ ಟೈರ್‌ಮನ್ ಎಂಬ ಅರಣ್ಯಾಧಿಕಾರಿಯು ಕೊಡಗಿನ ಕಾಡುಗಳ ಲಂಟಾನವನ್ನು ಕುರಿತು ಲೇಖನವನ್ನೇ ಬರೆದನು. ಒಣಗಿದ ಲಂಟಾನ ನೆಲದ ಉರಿಯನ್ನು ಮರದ ಕೊಂಬೆಗೆ ಹತ್ತಿಸುವ ಏಣಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಗೆಯ ಮೊದಲಲ್ಲೇ ಹಾಕುತ್ತಿದ್ದ ತಣ್ಣನೆಯ ‘ತರಗು ಬೆಂಕಿ’ ಈ ಪೊದೆಯನ್ನು ಹತ್ತಿಕ್ಕುತ್ತಿದ್ದಿತೆಂದು ಅವರೇ ಹೇಳುತ್ತಾರೆ. 1974ರಲ್ಲಿ ಅಲ್ಲಿ ಅಭಯಾರಣ್ಯವಾದ ಮೇಲೆ ಆ ಪದ್ಧತಿ ನಿಂತಿತು. ಬಿದಿರಿನದೂ ಒಂದು ಕಾಟವುಂಟು: ನಾಲ್ಕೈದು ದಶಕಗಳಿಗೊಮ್ಮೆ ಒಟ್ಟಾಗಿ ಹೂಬಿಟ್ಟು ಒಟ್ಟಾಗಿ ಸತ್ತು, ಬೆಟ್ಟಗಟ್ಟಲೆ ಸೌದೆಯಾಗಿ ಬೀಳುತ್ತದೆ.

ಎಲ್ಲ ಕಿಚ್ಚೂ ಬಿಸಿಲಿನಿಂದ ಬಂದದ್ದಲ್ಲ. 1992ರಲ್ಲಿ ನಾಗರಹೊಳೆಯ ಅಂಚಿನ ಜನರಿಗೂ ಇಲಾಖೆಗೂ ಇದ್ದ ವೈಮನಸ್ಸು ಕಾಡಿಗೇ ಬಿದ್ದು, ಸುಮಾರು 20 ಚದರ ಕಿಲೋಮೀಟರು ಉರಿಯಿತು. 2019ರ ಫೆಬ್ರವರಿಯಲ್ಲಿ ನೆರೆಯ ಬಂಡೀಪುರ ಹೊತ್ತಿಕೊಂಡಾಗ ವಾಯುಸೇನೆಯ ಹೆಲಿಕಾಪ್ಟರುಗಳು ಆಕಾಶದಿಂದ ನೀರು ಸುರಿದುವು. ನೆಲದ ಮೇಲೆ ಮಾತ್ರ ಹಳೆಯ ಉಪಾಯವೇ: ಹಸಿರು ಸೊಪ್ಪಿನ ಕೊಂಬೆಯಿಂದ ಉರಿಯನ್ನು ಬಡಿಯುವುದು. ಬೇಸಗೆ ಬಂತೆಂದರೆ ಆ ಕೆಲಸಕ್ಕೆ ದಿನಗೂಲಿಯ ಮೇಲೆ ನಿಲ್ಲುವ ಬೆಂಕಿ ಕಾವಲುಗಾರರಲ್ಲಿ ಅನೇಕರು ಆ ಹಾಡಿಗಳವರೇ.