ಧಾಟಿಯಿಂದ ರಾಗಕ್ಕೆ: ಸುಳೇಭಾವಿಯ ಕುಮಾರ ಗಂಧರ್ವರು

ಜನಪದ ಸಂಗೀತವನ್ನು ಮನೋಧರ್ಮದ ಸಂಗೀತದೊಡನೆ ಬೆಸೆಯುವ ಯತ್ನಗಳು ಲೋಕದಲ್ಲಿ ಹಲವು ನಡೆದಿವೆ. ೧೯೭೩ರಲ್ಲಿ ಅರ್ಜೆಂಟೀನದ ಸ್ಯಾಕ್ಸೊಫೋನ್ ವಾದಕರಾದ ಗಾಟೊ ಬಾರ್ಬಿಯೇರಿಯವರು ದಕ್ಷಿಣ ಅಮೆರಿಕದ ಜನಪದ ವಾದ್ಯಗಳನ್ನು ತಮ್ಮ ಜಾಝ್ ವಾದನದೊಡನೆ ಕೂಡಿಸಿದರು. ಅದಕ್ಕೆ ಎಷ್ಟೋ ವರ್ಷ ಮುಂಚೆಯೇ ಬೆಳಗಾವಿಯ ನೆರೆಯ ಸುಳೇಭಾವಿಯಲ್ಲಿ ಜನಿಸಿದ ಗಾಯಕರೊಬ್ಬರು ಇಂಥದೇ ಸಮಸ್ಯೆಯನ್ನು ಬೇರೊಂದು ಬಗೆಯಲ್ಲಿ ಬಿಡಿಸತೊಡಗಿದ್ದರು.

ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠರು, ಎಂದರೆ ಕುಮಾರ ಗಂಧರ್ವರು, ಹುಟ್ಟಿದ್ದು ೧೯೨೪ರ ಏಪ್ರಿಲ್ ೮ರಂದು. ಬಾಲ್ಯದಲ್ಲಿ ಅವರಿಗೆ ಕೀರ್ತಿ ತಂದುದು ಅನುಕರಣ. ಧ್ವನಿಮುದ್ರಿಕೆಗಳಲ್ಲಿ ಕೇಳಿದ ಹಿರಿಯರ ಗಾಯನವನ್ನು ಯಥಾವತ್ತಾಗಿ ಒಪ್ಪಿಸುತ್ತಿದ್ದರು. ಮುಂದೆ ಮುಂಬಯಿಯಲ್ಲಿ ಬಿ. ಆರ್. ದೇವಧರರ ಬಳಿ ಶಿಕ್ಷಣವಾಯಿತು. ೧೯೪೮ರಲ್ಲಿ ಕ್ಷಯರೋಗಪೀಡಿತರಾಗಿ ಮಾಳವದ ದೇವಾಸಕ್ಕೆ ಹೋಗಿ ನೆಲೆಸಿದರು. ಕೆಲವು ವರ್ಷ ಹಾಡುವಂತಿರಲಿಲ್ಲ. ಹಾಡಲಾಗದವರಿಗೆ ಉಳಿದುದು ಕೇಳುವುದೊಂದೇ. ಹಾಸಿಗೆಯಲ್ಲಿದ್ದವರ ಕಿವಿಗೆ ಬಿದ್ದುದು ಮಾಳವದ ಹಳ್ಳಿಗರ ಹಾಡು.

ಜನಪದ ಧಾಟಿ ಬಹುಮಟ್ಟಿಗೆ ನಾಲ್ಕೈದು ಸ್ವರಗಳಲ್ಲೇ ಸುಳಿದಾಡುವಂಥದು. ಅದನ್ನು ಇದ್ದಂತೆಯೇ ಎತ್ತಿ ಖ್ಯಾಲಿನ ನಡುವೆ ಇಟ್ಟಿದ್ದರೆ ಅದೊಂದು ಅಲಂಕಾರವಾಗುತ್ತಿದ್ದಿತೇ ಹೊರತು ಹೆಚ್ಚೇನೂ ಅಲ್ಲ. ಕುಮಾರರು ಧಾಟಿಯೊಳಗೆ ಅಡಗಿದ್ದ ರಾಗವನ್ನೇ ಅರಸಿದರು. ಅದು ಯಾವ ಸ್ವರದಲ್ಲಿ ನಿಲ್ಲುತ್ತದೆ, ಯಾವುದನ್ನು ಮುಟ್ಟಿ ಸರಿಯುತ್ತದೆ, ಎಲ್ಲಿ ಹೊರಳುತ್ತದೆ ಎಂಬುದನ್ನು ಕಂಡುಕೊಂಡ ಮೇಲೆಯೇ ಆಲಾಪ, ತಾನುಗಳ ವಿಸ್ತಾರ. ಮಾಲವತಿ, ಸಂಜಾರಿ, ಅಹಿಮೋಹಿನಿ, ಲಗನಗಂಧಾರ ಮೊದಲಾದ 'ಧುನ್ ಉಗಮ' ರಾಗಗಳು ಹೀಗೆ ಮೂಡಿದವು. ೧೯೬೫ರಲ್ಲಿ ಅವರ 'ಅನೂಪ ರಾಗ ವಿಲಾಸ' ಪ್ರಕಟವಾಯಿತು.

ಘರಾಣೆಯ ಶಿಸ್ತು ಕೆಟ್ಟಿತೆಂದು ಆಕ್ಷೇಪಿಸಿದವರೂ ಉಂಟು. ಆದರೆ ಸ್ತ್ರೀಯರೂ ಬಾಲರೂ ಗೋಪಾಲರೂ ತಂತಮ್ಮ ದೇಶದಲ್ಲಿ ಇಚ್ಛೆಯಿಂದ ಹಾಡುವುದನ್ನು 'ದೇಶಿ' ಎಂದು ಕರೆದು, ಅದಕ್ಕೆ ಶಾಸ್ತ್ರದಲ್ಲಿ ಸ್ಥಾನ ಕೊಟ್ಟವನು ಬೃಹದ್ದೇಶಿಯ ಮತಂಗನೇ ಅಲ್ಲವೆ? ಈ ಆಕ್ಷೇಪಕ್ಕೆ ಇತಿಹಾಸದ ಬೆಂಬಲ ಸಾಲದೆಂದೇ ನಮ್ಮ ಅಭಿಪ್ರಾಯ.

ನಮ್ಮನ್ನು ಕಾಡುವ ಪ್ರಶ್ನೆ ಬೇರೆ. ಸವದತ್ತಿಯ ಗುಡ್ಡದ ಚೌಡಿಕೆ, ಶ್ರೀಕೃಷ್ಣಪಾರಿಜಾತದ ಪದ, ಗೀಗೀ ಮೇಳಗಳ ಧಾಟಿ, ಇವೆಲ್ಲ ಹುಟ್ಟೂರಿನ ಸುತ್ತಲೇ ಇದ್ದರೂ ಈ ಹೊಸ ರಾಗಗಳ ಬೇರು ಮಾಳವದಲ್ಲೇ ಏಕೆ ಇಳಿಯಿತು? ಬಾಲ್ಯದಲ್ಲೇ ಊರು ಬಿಟ್ಟುದು ಒಂದು ಕಾರಣ. ಭಾಷೆ ಅದಕ್ಕಿಂತ ಮುಖ್ಯವೆಂದು ತೋರುತ್ತದೆ. ಖ್ಯಾಲಿನ ಚೀಜುಗಳು ಹಿಂದಿಯ ಉಪಭಾಷೆಗಳಲ್ಲಿವೆ; ಮಾಳವಿಯ ಹಾಡು ಅವುಗಳ ಪಕ್ಕದ ಮನೆಯದು. ಕನ್ನಡದ ಧಾಟಿಯಾದರೋ ತನ್ನ ಮಾತನ್ನು ಕಳಚಿಟ್ಟೇ ಆ ಬಾಗಿಲನ್ನು ದಾಟಬೇಕಾಗುತ್ತಿದ್ದಿತು.

ಬೆಳಗಾವಿಯ ರಂಗಮಂದಿರವೊಂದಕ್ಕೆ ಇಂದು ಕುಮಾರ ಗಂಧರ್ವರ ಹೆಸರಿದೆ. ೧೯೯೨ರ ಜನವರಿ ೧೨ರಂದು ಅವರು ತೀರಿಕೊಂಡುದು ದೇವಾಸದಲ್ಲಿ.