ಪೆರಡಾಲದ ಗುರು, ಮನೆಯ ಹಿರಿಯ: ಕಯ್ಯಾರ ಕಿಞ್ಞಣ್ಣ ರೈ

ಕಯ್ಯಾರ ಕಿಞ್ಞಣ್ಣ ರೈ (8 ಜೂನ್ 1915 – 9 ಆಗಸ್ಟ್ 2015) ಕಾಸರಗೋಡಿನ ಕವಿ, ಕೃಷಿಕ, ಸ್ವಾತಂತ್ರ್ಯ ಹೋರಾಟಗಾರ. ಗಡಿನಾಡಿನ ಕನ್ನಡ ಮನೆಗಳವರಾದ ನಮಗೆ ಅವರು ಮೊದಲು ಅಧ್ಯಾಪಕರು. ಬದಿಯಡ್ಕದ ಬಳಿಯ ಪೆರಡಾಲದ ನವಜೀವನ ಪ್ರೌಢಶಾಲೆಯಲ್ಲಿ ದೀರ್ಘಕಾಲ ಕಲಿಸಿದ ಅವರಿಗೆ 1969ರಲ್ಲಿ ರಾಷ್ಟ್ರಪ್ರಶಸ್ತಿ ದೊರೆಯಿತು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಆ ನೋವಿನಿಂದ ಹುಟ್ಟಿದ ಅವರ ಕವಿತೆಗಳನ್ನು ಎಲ್ಲರೂ ನೆನೆಯುತ್ತಾರೆ. ಅಷ್ಟೇ ದೊಡ್ಡ ಕೆಲಸವೆಂದು ನಾವು ಎಣಿಸುವುದು ಶಾಲಾಮಕ್ಕಳಿಗಾಗಿ ಅವರು ರಚಿಸಿದ ‘ನವೋದಯ ವಾಚನಮಾಲೆ’ಯನ್ನು, ವ್ಯಾಕರಣ ಪುಸ್ತಕಗಳನ್ನು. ಮಗುವಿನ ಚೀಲದಲ್ಲಿ ಕನ್ನಡ ಪುಸ್ತಕವಿದ್ದರೆ ತಾನೇ ಕನ್ನಡದ ತರಗತಿ ಉಳಿಯುವುದು? ತಮಿಳುನಾಡಿನ ತೇನಿ ಜಿಲ್ಲೆಯ ಕೊಂಬೈ ಕಡೆಯ ಕನ್ನಡ ಮನೆಗಳಲ್ಲಿ ಅಜ್ಜಿಯರು ಮಾತನ್ನು ಮೊಮ್ಮಕ್ಕಳಿಗೆ ದಾಟಿಸಿದ್ದಾರೆ. ಶಾಲೆಯ ಅಕ್ಷರ ಮಾತ್ರ ತಮಿಳು. ಕಾಸರಗೋಡಿನಲ್ಲಿ ಅಕ್ಷರವೂ ಉಳಿಯಿತು.

ರೈಗಳ ಮನೆಮಾತು ತುಳು. ಆ ಭಾಷೆಯಲ್ಲಿಯೂ ಕವಿತೆ ಬರೆದರು. 1997ರಲ್ಲಿ ಮಂಗಳೂರಿನ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. ತುಂಬು ಕುಟುಂಬದ ಹಿರಿಯರಾಗಿ ‘ಕವಿತಾ ಕುಟೀರ’ದಲ್ಲಿ ಬಾಳಿ, ನೂರು ವರ್ಷ ತುಂಬಿದ ಎರಡು ತಿಂಗಳಿಗೆ ಅಗಲಿದರು. ಕಾಸರಗೋಡು ಕರ್ನಾಟಕಕ್ಕೆ ಸೇರುವುದನ್ನು ಅವರು ಕಾಣಲಿಲ್ಲ.