ಗೋಕ್ಷಯದ ಚರಿತ್ರೆ ಮತ್ತು ನಮ್ಮ ಮಲೆನಾಡಿನ ಕೊಟ್ಟಿಗೆಗಳು

ಕ್ಷಯವೆಂದೊಡನೆ ನಮಗೆ ಮನುಷ್ಯನ ಶ್ವಾಸಕೋಶವೇ ನೆನಪಾಗುತ್ತದೆ. ಆದರೆ ಹಸು ಎಮ್ಮೆಗಳಿಗೂ ಈ ರೋಗವುಂಟು. ಕಾಯಿಸದ ಹಾಲಿನ ಮೂಲಕ ಅದು ಮನುಷ್ಯರಿಗೆ, ವಿಶೇಷವಾಗಿ ಮಕ್ಕಳಿಗೆ, ತಗಲಬಲ್ಲದು. ಇದು ಎಲ್ಲ ದೇಶಗಳಲ್ಲಿಯೂ ಎಲ್ಲ ಕಾಲದಲ್ಲಿಯೂ ಸಮನಾಗಿ ಇದ್ದುದಲ್ಲ. ಇದರ ಏರಿಳಿತಗಳ ಚರಿತ್ರೆಯು ಗೋಶಾಲೆ ನಡೆಸುವ ಧರ್ಮದರ್ಶಿಗಳೂ ಹಸು ಸಾಕುವ ಶ್ರಾವಕರೂ ತಿಳಿಯತಕ್ಕದ್ದಾಗಿದೆ.

1882ರಲ್ಲಿ ರಾಬರ್ಟ್ ಕಾಕ್ ಕ್ಷಯಾಣುವನ್ನು ಕಂಡುಹಿಡಿದರು. ಹಸುವಿನ ಕ್ಷಯದಿಂದ ಮನುಷ್ಯನಿಗೆ ಹೆಚ್ಚಿನ ಭಯವಿಲ್ಲವೆಂದು 1901ರಲ್ಲಿ ಅವರೇ ಲಂಡನ್ನಿನಲ್ಲಿ ಹೇಳಿದರಾದರೂ, ಬ್ರಿಟನ್ನಿನ ರಾಯಲ್ ಕಮಿಷನ್ ದಶಕದ ಪರಿಶೀಲನೆಯ ನಂತರ 1911ರಲ್ಲಿ ಭಯವುಂಟೆಂದೇ ನಿರ್ಣಯಿಸಿತು. ಆ ದೇಶದಲ್ಲಿ 1930ರ ದಶಕದ ಹೊತ್ತಿಗೆ ಹೈನುಗಾರಿಕೆಯ ಹಸುಗಳಲ್ಲಿ ಶೇಕಡಾ 40ರಷ್ಟು ರೋಗಪೀಡಿತವಾಗಿದ್ದವು. ಪರೀಕ್ಷಿಸಿ ವಧಿಸುವ ಕ್ರಮದಿಂದ ರೋಗವು ಬಹಳ ಇಳಿದು, ಮುಂದೆ ಬ್ಯಾಡ್ಜರ್ ಎಂಬ ಕಾಡುಪ್ರಾಣಿಯಲ್ಲಿಯೂ ನೆಲೆಸಿ, ನೈಋತ್ಯ ಇಂಗ್ಲೆಂಡಿನಲ್ಲಿ ಪುನಃ ತಲೆಯೆತ್ತಿತು. ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬಾಂಗ್ ಅವರು 1890ರ ದಶಕದಲ್ಲಿ ಬೇರೊಂದು ದಾರಿ ತೋರಿಸಿದ್ದರು. ಟ್ಯೂಬರ್‌ಕ್ಯುಲಿನ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಹಸುಗಳನ್ನು ಪ್ರತ್ಯೇಕಿಸುವುದು, ಅವುಗಳ ಕರುಗಳನ್ನು ಕಾಯಿಸಿದ ಹಾಲಿನಿಂದ ಬೇರೆಯಾಗಿ ಬೆಳೆಸುವುದು ಅವರ ಕ್ರಮ. ಅಲ್ಲಿಯೂ ಕೊನೆಗೆ ವಧೆ ನಡೆಯಿತಾದರೂ, ವಧೆಯಿಲ್ಲದೆ ರೋಗವನ್ನು ಗಣನೀಯವಾಗಿ ತಗ್ಗಿಸಬಹುದೆಂಬುದು ಅದರಿಂದ ವಿದಿತವಾಯಿತು.

ಭಾರತದ ಲೆಕ್ಕವೇನು? 82,419 ರಾಸುಗಳ ಪರೀಕ್ಷೆಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಮರ್ಶೆಯು ರೋಗದ ಪ್ರಮಾಣವನ್ನು ಶೇಕಡಾ 7.3 ಎಂದು ಅಂದಾಜಿಸಿತು. ಅಂದರೆ ದೇಶದಲ್ಲಿ ಸುಮಾರು 2 ಕೋಟಿ 18 ಲಕ್ಷ ರಾಸುಗಳು. ವೆಲ್ಲೂರಿನ ಆಸ್ಪತ್ರೆಯೊಂದರ ಮಾನವ ಮಾದರಿಗಳನ್ನು ಕುರಿತು 2020ರಲ್ಲಿ ಬಂದ ಅಧ್ಯಯನದಲ್ಲಿ ಪಶ್ಚಿಮದೇಶಗಳ ಗೋಕ್ಷಯಾಣುವಿಗೆ ಬದಲಾಗಿ ಅದರ ಸಂಬಂಧಿಯಾದ ಒರಿಜಿಸ್ ಎಂಬ ಜಾತಿಯೇ ಕಂಡುಬಂದಿತು. ಜಾತಿ ಬೇರೆಯಾದರೂ ವಹಿಸಬೇಕಾದ ಎಚ್ಚರಿಕೆ ಒಂದೇ.

ಈಗ ನಮ್ಮ ಜಿಲ್ಲೆಯನ್ನು ನೋಡೋಣ. ಅಜ್ಜಂಪುರ, ಬೀರೂರು ಕಡೆಯ ಬಯಲುಸೀಮೆಯ ಕಾವಲುಗಳಲ್ಲಿ ಅಮೃತಮಹಲ್ ರಾಸುಗಳು. ಮೂಡಿಗೆರೆ, ಕಳಸಗಳ ಗುಡ್ಡಗಳಲ್ಲಿ ಮಲೆನಾಡು ಗಿಡ್ಡ. ಗಿಡ್ಡ ಹಸುವಿನ ಹಾಲು ಕಡಿಮೆ. ಕಾಫಿತೋಟಕ್ಕೆ ಅದರ ಗೊಬ್ಬರವೇ ಮುಖ್ಯ. ಹಗಲೆಲ್ಲ ಬೆಟ್ಟದಲ್ಲಿ ಮೇಯುವ ಅದಕ್ಕೆ ಬಿಸಿಲು ಗಾಳಿಗಳು ಧಾರಾಳ. 1970ರ ದಶಕದಿಂದೀಚೆಗೆ ರಾಜ್ಯದಲ್ಲಿ ಜರ್ಸಿ, ಹೋಲ್‌ಸ್ಟೀನ್ ಮಿಶ್ರತಳಿಗಳು ಹರಡಿದವು, ಹಾಲಿನ ಸಹಕಾರ ಸಂಘಗಳು ಬೆಳೆದವು, ಅನೇಕ ಸಂಸಾರಗಳು ಅದರಿಂದ ನೆಮ್ಮದಿ ಕಂಡವು. ಆದರೆ ಹೆಚ್ಚು ಹಾಲು ಕೊಡುವ ಹಸುವು ಬೆಟ್ಟ ಹತ್ತುವುದಿಲ್ಲ, ಕೊಟ್ಟಿಗೆಯಲ್ಲಿಯೇ ನಿಲ್ಲುತ್ತದೆ. ಮಳೆಗಾಲದ ತಿಂಗಳುಗಳಲ್ಲಿ ಆ ಕೊಟ್ಟಿಗೆ ಕತ್ತಲು, ತೇವ, ಇಕ್ಕಟ್ಟು. ಬಿಸಿಲು ಕೊಲ್ಲುವ ರೋಗಾಣುವು ತೇವದ ಕತ್ತಲೆಯಲ್ಲಿ ಬಹುಕಾಲ ಬದುಕುತ್ತದೆ. ಉಸಿರಿನಿಂದ ಉಸಿರಿಗೆ ದಾಟುತ್ತದೆ. ವಿದೇಶೀ ತಳಿಗಳು ನಾಟಿ ತಳಿಗಳಿಗಿಂತ ಈ ರೋಗಕ್ಕೆ ಬೇಗ ಈಡಾಗುತ್ತವೆಂದು ಇಥಿಯೋಪಿಯದ ಅಧ್ಯಯನಗಳೂ ತೋರಿಸಿವೆ. ಇಂಗ್ಲೆಂಡಿನ ಹಳೆಯ ಕೊಟ್ಟಿಗೆಗಳ ಪಾಠವು ನಮಗೆ ದೂರದ್ದಲ್ಲ.

ವಧೆಯು ನಮಗೆ ಮಾರ್ಗವಲ್ಲ. ಜೈನ ಭೈರರಸರು ಆಳಿದ ಕಳಸದ ಸೀಮೆಯಲ್ಲಿ ಅಭಯದಾನದ ಅರ್ಥವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ರೋಗಿ ಹಸುವನ್ನು ನಿರೋಗಿಗಳ ಮಧ್ಯದಲ್ಲಿಯೇ ಕಟ್ಟಿ, ಕೊಲ್ಲಲಿಲ್ಲವಲ್ಲ ಎಂದು ಸಮಾಧಾನಪಟ್ಟುಕೊಂಡರೆ ಅದು ಅಹಿಂಸೆಯಾದೀತೇ? ಪ್ರಮಾದವನ್ನೇ ಹಿಂಸೆಯ ಮೂಲವೆಂದು ನಮ್ಮ ಆಚಾರ್ಯರು ಎಣಿಸಿದ್ದಾರೆ. ಒಂದು ಹಸುವಿನ ಮೇಲಿನ ದಯೆಯು ಹತ್ತು ಹಸುಗಳಿಗೂ, ಅವನ್ನು ನೋಡಿಕೊಳ್ಳುವ ಆಳಿನ ಮಕ್ಕಳಿಗೂ ಕೇಡಾಗಬಾರದು.

ಆದುದರಿಂದ ಗೋಶಾಲೆಗೆ ಹೊಸ ರಾಸು ಬಂದಾಗ ಪಶುವೈದ್ಯರಿಂದ ಚರ್ಮಪರೀಕ್ಷೆ ಮಾಡಿಸತಕ್ಕದ್ದು. 72 ಗಂಟೆಗಳಲ್ಲಿ ಫಲ ತಿಳಿಯುತ್ತದೆ. ಫಲ ತಿಳಿಯುವವರೆಗೆ ಅದನ್ನು ಬೇರೆಯಾಗಿ ಕಟ್ಟಬೇಕು. ರೋಗವಿದ್ದ ಹಸುವಿಗೆ ಆಯುಷ್ಯವಿರುವಷ್ಟು ದಿನ ಬೇರೆ ಕೊಟ್ಟಿಗೆ, ಬೇರೆ ನೀರಿನ ತೊಟ್ಟಿ ಇರಲಿ. ಅದರ ಹಾಲನ್ನು ಯಾರಿಗೂ ಕೊಡಬಾರದು. ರೋಗದ ಶಂಕೆಯನ್ನು ವರದಿ ಮಾಡುವುದು 2009ರ ಕೇಂದ್ರ ಕಾಯಿದೆಯಂತೆಯೂ ಕರ್ತವ್ಯ. ಮಕ್ಕಳಿಗೆ ಪುಷ್ಟಿಯೆಂದು ನೊರೆಹಾಲು ಕುಡಿಸುವ ರೂಢಿಯನ್ನು ಬಿಟ್ಟು, ಉಕ್ಕುವಂತೆ ಕಾಯಿಸುವ ನಮ್ಮ ಅಜ್ಜಿಯರ ಪದ್ಧತಿಯನ್ನೇ ಹಿಡಿಯೋಣ.

ಬೇರೆ ಕೊಟ್ಟಿಗೆಗೆ ಹಣ ಬೇಕು, ನಿಜ. ಕಲ್ಯಾಣಿ, ಗೋಪುರಗಳಿಗೆ ಹಣ ಕೂಡಿಸಬಲ್ಲ ಟ್ರಸ್ಟುಗಳು ಈ ವೆಚ್ಚವನ್ನು ಔಷಧದಾನದ ಖಾತೆಯಲ್ಲಿ ಬರೆಯಲಿ. ಆ ಖಾತೆಯಲ್ಲಿ ಹಾಕಿದ ಹಣ ನಷ್ಟದ ಬಾಬ್ತಲ್ಲ.